ಮದರಾಸಿನ ಕೃಷ್ಣನ್ ಮತ್ತು ಉದ್ದದ ಲೆನ್ಸು

ರಜೆಯಲ್ಲಿ ಬಂಡೀಪುರ, ಮುದುಮಲೆಗಳಿಗೆ ಹೋಗಿಬಂದ ನಮ್ಮ ಸದಸ್ಯರು ತೋರಿಸುವ ಚಿತ್ರಗಳಲ್ಲಿ ಆನೆಯನ್ನು ಹುಡುಕಬೇಕಾಗುತ್ತದೆ. "ಅಗೋ, ಆ ಬಿದಿರುಮೆಳೆಯ ಪಕ್ಕದಲ್ಲಿ" ಎಂದು ಬೆರಳಿಟ್ಟ ಮೇಲೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಎಷ್ಟು ಉದ್ದದ ಲೆನ್ಸು ಕೊಂಡರೆ ಈ ಚುಕ್ಕೆ ಆನೆಯಾದೀತು? ಈ ಪ್ರಶ್ನೆಗೆ ನಾವಿರುವ ಊರಿನ ಚರಿತ್ರೆಯಲ್ಲೇ ಸ್ವಾರಸ್ಯವಾದ ಉತ್ತರವೊಂದಿದೆ.

ಟೆಲಿ ಲೆನ್ಸು ಹೊಸದಲ್ಲ. ಮುಂದೆ ಉಬ್ಬು ಮಸೂರ, ಹಿಂದೆ ತಗ್ಗು ಮಸೂರ ಇಟ್ಟು ಉದ್ದ ನಾಭಿಯನ್ನು ಗಿಡ್ಡ ಕೊಳವೆಯಲ್ಲಿ ಅಡಗಿಸುವ ಉಪಾಯವನ್ನು 1891ರಲ್ಲಿ ಲಂಡನ್ನಿನ ಡಾಲ್‌ಮೇಯರ್ ಮತ್ತು ಜರ್ಮನಿಯ ಇಬ್ಬರು ಬೇರೆಬೇರೆಯಾಗಿಯೇ ಸಾಧಿಸಿದರು. ಆದರೆ ಆ ಲೆನ್ಸುಗಳೊಳಗೆ ಬೆಳಕು ಸಾಲದು. ಆದ್ದರಿಂದಲೇ ಅರಣ್ಯಾಧಿಕಾರಿ ಛಾಂಪಿಯನ್ ಹಾದಿಗೆ ತಂತಿ ಕಟ್ಟಿ, ಹುಲಿಯೇ ಅದನ್ನು ತುಳಿದು ರಾತ್ರಿಯಲ್ಲಿ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ. ಆತನ ಪುಸ್ತಕ ಬಂದದ್ದು 1927ರಲ್ಲಿ.

ಆಟದ ಮೈದಾನದಲ್ಲಿ ತಂತಿ ಕಟ್ಟಲಾದೀತೆ? 1975ರ ಜನವರಿಯಲ್ಲಿ ಚೆಪಾಕಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ 190 ರನ್ನುಗಳಲ್ಲಿ ನಮ್ಮ ಭದ್ರಾವತಿಯ ವಿಶ್ವನಾಥ್ ಔಟಾಗದೆ 97 ಹೊಡೆದರು. ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನಿಂಗ್ಸ್ ಅದು. ಬೌಂಡರಿಯಾಚೆ ಕುಳಿತ ಛಾಯಾಗ್ರಾಹಕನಿಗೂ ವಿಶ್ವನಾಥರಿಗೂ ನಡುವೆ ಸುಮಾರು 65 ಮೀಟರು ಎನ್ನೋಣ. ಐದೂಕಾಲು ಅಡಿಯ ಆಟಗಾರ 50 ಮಿ.ಮೀ. ಲೆನ್ಸಿನಲ್ಲಿ ಫಿಲ್ಮಿನ ಮೇಲೆ ಒಂದೂಕಾಲು ಮಿ.ಮೀ. ಎತ್ತರಕ್ಕೆ ಮೂಡುತ್ತಾನೆ, 400ರಲ್ಲಿ ಹೆಚ್ಚುಕಡಿಮೆ 10 ಮಿ.ಮೀ. ಆ ಸ್ಕ್ವೇರ್ ಕಟ್ಟಿನ ಮಣಿಕಟ್ಟು ಕಾಣಬೇಕಾದರೆ ಉದ್ದದ ಲೆನ್ಸಿಗೆ ಬೇರೆ ಗತಿಯಿಲ್ಲ.

ಉದ್ದಕ್ಕೆ ತೆರಬೇಕಾದ ತೆರಿಗೆಯೂ ಇದೆ. ಲೆನ್ಸು ಹತ್ತಿರ ತಂದಷ್ಟೇ ಕೈನಡುಕವನ್ನೂ ಹಿಗ್ಗಿಸುತ್ತದೆ; 400 ಮಿ.ಮೀ.ಗೆ ಸೆಕೆಂಡಿನ 1/500 ಭಾಗವಾದರೂ ವೇಗ ಬೇಕು. ಸಂಜೆಯ ಮಂಕಿನಲ್ಲಿ ಅದಕ್ಕೆ ಬೆಳಕು ಒದಗಬೇಕಾದರೆ ಬಾಯಿ ಅಗಲವಾಗಬೇಕು. 300 ಮಿ.ಮೀ. ಲೆನ್ಸು ಎಫ್ 5.6ರಲ್ಲಿ 54 ಮಿ.ಮೀ. ಅಗಲವಿದ್ದರೆ ಸಾಕು, ಎಫ್ 2.8ಕ್ಕೆ 107 ಬೇಕು. ಬೆಳಕು ನಾಲ್ಕು ಪಟ್ಟು. ತೂಕ, ಬೆಲೆಗಳ ಮಾತು ಬೇಡ! 1969ರಲ್ಲಿ ಕ್ಯಾನನ್ ಸಂಸ್ಥೆ ಫ್ಲೋರೈಟ್ ಹರಳಿನ 300 ಮಿ.ಮೀ. ಲೆನ್ಸು ತಂದ ಮೇಲೆ ಬಣ್ಣದ ಅಂಚು ಕಡಿಮೆಯಾಯಿತು, ಆದರೆ ಜೇಬಿನ ಹೊರೆ ಇಳಿಯಲಿಲ್ಲ.

ಇಷ್ಟೆಲ್ಲ ಇದ್ದಾಗಲೂ ಮೈಲಾಪುರದ ಮಾ. ಕೃಷ್ಣನ್ ಅವರು ಬೇರೆ ದಾರಿ ಹಿಡಿದಿದ್ದರು. ತಮಿಳು ಲೇಖಕ ಮಾಧವಯ್ಯನವರ ಈ ಮಗ (1912–1996) ನಮಗೆ ಪರಕೀಯರಲ್ಲ. 1942ರಿಂದ ಆ ಸಂಸ್ಥಾನ ವಿಲೀನವಾಗುವವರೆಗೆ ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ಉಪಾಧ್ಯಾಯರಾಗಿ, ನ್ಯಾಯಾಧೀಶರಾಗಿ ದುಡಿದವರು. ಮುಂದೆ ಕರ್ನಾಟಕದ ಅರ್ಥಮಂತ್ರಿಯಾಗಿಯೂ ವನ್ಯಛಾಯಾಗ್ರಾಹಕರಾಗಿಯೂ ಹೆಸರಾದ ಎಂ. ವೈ. ಘೋರ್ಪಡೆಯವರು ಆಗ ಅಲ್ಲಿಯ ರಾಜಮನೆತನದ ಬಾಲಕ.

ಮದರಾಸಿಗೆ ಮರಳಿದ ಕೃಷ್ಣನ್ ತಮ್ಮ ಕ್ಯಾಮರಾಕ್ಕೆ "ಸೂಪರ್ ಪಾಂಡೆರೋಸಾ" ಎಂದು ಹೆಸರಿಟ್ಟಿದ್ದರು. ಒಡಲು ಒಂದು ಕಂಪನಿಯದು, ಟೆಲಿ ಲೆನ್ಸು ಇನ್ನೊಂದರದು. ಕೂಡಿಸಿದ್ದು ಇಲ್ಲಿಯದೇ ಕಾರ್ಖಾನೆ. ಅದನ್ನು ಕಂಡ ಇಲ್ಲಿಯ ಪತ್ರಿಕಾ ಛಾಯಾಗ್ರಾಹಕ ಹ್ಯಾರಿ ಮಿಲ್ಲರ್ ಬೆರಗಾಗಿ ನಕ್ಕು ಬರೆದಿದ್ದಾರೆ. ಆದರೆ ಅದರ ಹಿಂದೆ ಪ್ರಾಣಿಯ ನಡೆ ಬಲ್ಲ ಕಣ್ಣಿತ್ತು. ಲೆನ್ಸು ತಲುಪದ ಕಡೆ ಅವರು ಸವಾರಿ ಆನೆಯ ಮೇಲೆ, ಇಲ್ಲವೇ ಕಾಲ್ನಡಿಗೆಯಲ್ಲಿ ಸಮೀಪಿಸುತ್ತಿದ್ದರು. ಬಣ್ಣಕ್ಕೆ ಮರುಳಾಗದೆ ಕಪ್ಪು ಬಿಳುಪಿನಲ್ಲೇ ತೆಗೆದರು. ಪದ್ಮಶ್ರೀಯೂ ಬಂತು.

ಎಲ್ಲರೂ ಕಾಡಾನೆಯ ಬಳಿಗೆ ನಡೆಯಲೆಂದು ನಾವು ಹೇಳುತ್ತಿಲ್ಲ; ಅಂಥ ಅನುಭವವಿಲ್ಲದವರಿಗೆ ದೂರವೇ ಕ್ಷೇಮ, ಆನೆಗೂ ಅದೇ ನೆಮ್ಮದಿ. ನಮ್ಮ ಮಟ್ಟಿಗೆ 300 ಮಿ.ಮೀ. ಲೆನ್ಸು, ಎಫ್ 4ರದು, ಹೊತ್ತು ನಡೆಯಬಲ್ಲಷ್ಟು ಹಗುರವಾದದ್ದು, ಮೊದಲಿಗೆ ಸಾಕು. ಚಿಕ್ಕ ಸೆನ್ಸರಿನ ಡಿಜಿಟಲ್ ಕ್ಯಾಮರಾದಲ್ಲಿ ಅದೇ ಸುಮಾರು 450ರ ನೋಟ ಕೊಡುತ್ತದೆ. ಬೌಂಡರಿಯ ಹೊರಗೇ ಕೂರಬೇಕಾದವರು ಮಾತ್ರ 400ರ ಭಾರ ಹೊರಲಿ. ಕೊಳ್ಳುವ ಮುನ್ನ ಒಮ್ಮೆ ಎರವಲು ತಂದು ಗಿಂಡಿಗೆ ಹೋಗಬಹುದು. 1978ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಪುಟ್ಟ ಕಾಡು ಊರ ನಡುವೆಯೇ ಇದೆ, ಕೃಷ್ಣಮೃಗಗಳೂ ಅಲ್ಲಿವೆ.