ಆದಿಮೂಲ ಎಂಬ ಕೂಗು: ದಾಸಸಾಹಿತ್ಯದಲ್ಲಿ ಮಹಿಮೆ, ಸ್ತುತಿ, ಪ್ರಾರ್ಥನೆ

ಏಕಾದಶಿಯ ಸಂಜೆ ಭಜನೆಗೆ ಕೂತವರ ನಡುವೆ ಒಂದು ಗಳಿಗೆ ಕೂತು ಕೇಳಬೇಕು. ಒಬ್ಬರು ಪಲ್ಲವಿ ಎತ್ತುತ್ತಾರೆ, ಉಳಿದವರು ತಾಳ ಹಾಕುತ್ತ ದನಿಗೂಡಿಸುತ್ತಾರೆ. ಪಲ್ಲವಿಯಲ್ಲಿ ಕಾಪಾಡೆಂಬ ಮೊರೆ ಇರುತ್ತದೆ. ಮೊದಲ ಚರಣದಲ್ಲಿ ಮೊಸಳೆಯ ಬಾಯಿಗೆ ಸಿಕ್ಕ ಆನೆ ಬರುತ್ತದೆ, ಮತ್ತೆ ಪಲ್ಲವಿ. ಎರಡನೆಯ ಚರಣಕ್ಕೆ ಸಭೆಯಲ್ಲಿ ನಿಂತ ದ್ರೌಪದಿ, ಮತ್ತೆ ಪಲ್ಲವಿ. ಆಮೇಲೆ ಅಜಾಮಿಳ, ಪ್ರಹ್ಲಾದ, ಧ್ರುವ. ಕೊನೆಗೆ ಅಂಕಿತ. ಹಾಡುತ್ತಿರುವವರಿಗೆ ಈ ಕಥೆಗಳೆಲ್ಲ ಚಿಕ್ಕಂದಿನಿಂದ ಗೊತ್ತು. ಗೊತ್ತಿರುವುದನ್ನೇ ಯಾಕೆ ಮತ್ತೆ ಮತ್ತೆ ಹೇಳಬೇಕು? ಎಲ್ಲವನ್ನೂ ಬಲ್ಲ ದೇವರಿಗೆ ಅವನೇ ಮಾಡಿದ ಉಪಕಾರಗಳನ್ನು ಯಾಕೆ ನೆನಪಿಸಬೇಕು?

ಈ ಲೇಖನ ಈ ಪ್ರಶ್ನೆಯನ್ನು ಹಿಡಿದು ಹೊರಟಿದೆ. ದಾಸರ ಹಾಡಿನಲ್ಲಿ ಸ್ತುತಿ ಬರಿಯ ಹೊಗಳಿಕೆಯಾಗಿ ಉಳಿಯುವುದಿಲ್ಲ. ದೇವರ ಶಕ್ತಿಯಿಂದ ಬೇರೆಯವರಿಗೆ ಆದ ಉಪಕಾರ ಅಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ; ಆ ಸಾಕ್ಷ್ಯದ ಬಲದ ಮೇಲೆ ಪ್ರಾರ್ಥನೆ ಬಾಯಿ ತೆರೆಯುತ್ತದೆ. ಸುಮಾರು ಮುನ್ನೂರು ವರ್ಷಗಳಲ್ಲಿ ಈ ಉಪಕಾರದ ಕಲ್ಪನೆಯೇ ಬದಲಾಗುತ್ತ ಬಂದಿತು. ಆ ಬದಲಾವಣೆಯನ್ನು ಗಜೇಂದ್ರನ ಕಥೆಯ ಜಾಡಿನಲ್ಲಿ ಇಲ್ಲಿ ನೋಡಲಾಗಿದೆ.

ಕೊಳದ ಆನೆ: ಕಲ್ಲಿನಲ್ಲಿ, ಪುರಾಣದಲ್ಲಿ

ಗಜೇಂದ್ರಮೋಕ್ಷದ ಕಥೆ ಭಾಗವತಕ್ಕಿಂತ ಹಳೆಯದು. ಭಾಗವತ ಈಗಿನ ರೂಪಕ್ಕೆ ಬಂದದ್ದು ಸುಮಾರು 9-10ನೇ ಶತಮಾನದಲ್ಲಿ ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಅದಕ್ಕೂ ಕೆಲವು ಶತಮಾನ ಮೊದಲೇ, ಗುಪ್ತರ ಕಾಲದ ಶಿಲ್ಪಶೈಲಿಗೆ ಸೇರಿದ ದೇವಗಢದ ದಶಾವತಾರ ದೇವಾಲಯದ ಗೋಡೆಯಲ್ಲಿ ಈ ಕಥೆಯನ್ನು ಕೆತ್ತಲಾಗಿದೆ. ಈಗಿನ ಉತ್ತರ ಪ್ರದೇಶದ ಲಲಿತಪುರ ಜಿಲ್ಲೆಯಲ್ಲಿರುವ ಆ ಫಲಕದಲ್ಲಿ ಮೊಸಳೆ ಇಲ್ಲ. ತಾವರೆಕೊಳದಲ್ಲಿ ಆನೆಯ ಕಾಲಿಗೆ ಸುತ್ತಿಕೊಂಡಿರುವವನು ನಾಗ. ಮೇಲೆ ಗರುಡನ ಮೇಲೇರಿ ವಿಷ್ಣು ಬಂದಿದ್ದಾನೆ. ಶಿಲ್ಪಿಯ ಕಾಣ್ಕೆ ಇರುವುದು ಕೆಳಗಡೆ: ಆನೆಯನ್ನು ಹಿಡಿದ ನಾಗನೂ ಅವನ ಸಂಗಾತಿಯೂ ಕೈಮುಗಿದಿದ್ದಾರೆ. ದೇವರ ಬಲ ಕಂಡ ಕೂಡಲೇ ಪೀಡಿಸಿದವನೂ ಸ್ತುತಿಸುವವರ ಸಾಲಿಗೆ ಸೇರಿದ್ದಾನೆ.

ಭಾಗವತದ ಎಂಟನೆಯ ಸ್ಕಂಧದಲ್ಲಿ ಈ ಕಥೆ ವಿಸ್ತಾರವಾಗಿ ಬರುತ್ತದೆ. ತ್ರಿಕೂಟ ಪರ್ವತದ ಸರೋವರದಲ್ಲಿ ಹಿಂಡಿನೊಡನೆ ನೀರಾಟವಾಡುತ್ತಿದ್ದ ಆನೆಯರಸನ ಕಾಲನ್ನು ಮೊಸಳೆ ಹಿಡಿಯುತ್ತದೆ. ಸಾವಿರ ವರ್ಷ ಸೆಣಸಾಟ ನಡೆಯುತ್ತದೆ. ನೀರಿನ ಪ್ರಾಣಿಗೆ ನೀರಿನಲ್ಲಿ ಬಲ ಹೆಚ್ಚುತ್ತದೆ, ಆನೆಗೆ ಕುಗ್ಗುತ್ತದೆ. ಬಂಧುಗಳು ಎಳೆದು ನೋಡಿ ಕೈಚೆಲ್ಲುತ್ತಾರೆ. ಆಗ ಆನೆಗೆ ಹಿಂದಿನ ಜನ್ಮದಲ್ಲಿ ಕಲಿತ ಸ್ತೋತ್ರ ನೆನಪಾಗುತ್ತದೆ. ಆ ಜನ್ಮದಲ್ಲಿ ಅವನು ಇಂದ್ರದ್ಯುಮ್ನನೆಂಬ ಪಾಂಡ್ಯ ದೊರೆ; ಅಗಸ್ತ್ಯರ ಶಾಪದಿಂದ ಆನೆಯಾದವನು. ಪುರಾಣಕಾರನು ಪ್ರಾರ್ಥನೆಯನ್ನು ಆ ಕ್ಷಣದ ಉದ್ಗಾರವಾಗಿ ಕಾಣಿಸಲಿಲ್ಲ. ಅದು ಮೊದಲೇ ಬಾಯಿಪಾಠವಾಗಿದ್ದದ್ದು. ಕಷ್ಟ ಬಂದಾಗ ಹೊಸ ಮಾತು ಹುಟ್ಟುವುದಿಲ್ಲ, ಮೊದಲು ಕಲಿತದ್ದೇ ನಾಲಿಗೆಗೆ ಬರುತ್ತದೆ. ಮಕ್ಕಳಿಗೆ ದೇವರ ಹಾಡು ಬಾಯಿಪಾಠ ಮಾಡಿಸುವ ನಮ್ಮ ಮನೆಗಳ ಪದ್ಧತಿಯ ಹಿಂದೆಯೂ ಇದೇ ನಂಬಿಕೆ ಇದೆ.

ಆ ಸ್ತೋತ್ರದಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಶ್ಲೋಕಗಳಿವೆ. ಅದರಲ್ಲಿ ಮೊಸಳೆಯ ಸುದ್ದಿ ಬಹಳ ಕಡಿಮೆ. ಜಗತ್ತಿಗೆ ಮೂಲವಾದದ್ದನ್ನು, ಹೆಸರು ರೂಪಗಳನ್ನು ಮೀರಿದ್ದನ್ನು ಕುರಿತ ಮಾತೇ ಹೆಚ್ಚು. ಒಂದು ಹಂತದಲ್ಲಿ ಆನೆ ತನಗೆ ಈ ಆನೆಯ ಬಾಳೂ ಬೇಡ, ಆತ್ಮವನ್ನು ಮುಚ್ಚಿದ ಪೊರೆಯಿಂದ ಬಿಡುಗಡೆ ಬೇಕೆಂದು ಕೇಳಿಕೊಳ್ಳುತ್ತದೆ. ಯಾವ ದೇವತೆಯ ಹೆಸರನ್ನೂ ಹಿಡಿದು ಕರೆಯದ ಕಾರಣ ಬೇರೆ ಬೇರೆ ಗುರುತು ಹೊತ್ತ ಬ್ರಹ್ಮಾದಿಗಳು ಬರಲಿಲ್ಲ. ಎಲ್ಲರೊಳಗೂ ಇರುವ ಹರಿಯೇ ಬಂದನು ಎನ್ನುತ್ತದೆ ಭಾಗವತ. ಬಂದವನು ಆನೆಯನ್ನೂ ಮೊಸಳೆಯನ್ನೂ ಒಟ್ಟಿಗೇ ನೀರಿನಿಂದ ಮೇಲೆಳೆದು, ಚಕ್ರದಿಂದ ಮೊಸಳೆಯ ಬಾಯಿ ಸೀಳಿದನು. ಶಾಪಗ್ರಸ್ತ ಗಂಧರ್ವನಾಗಿದ್ದ ಮೊಸಳೆಗೂ ಅಂದೇ ಬಿಡುಗಡೆಯಾಯಿತು.

ಹೊಗಳಿಕೆ ಯಾರಿಗಾಗಿ?

ಕನ್ನಡ ನಾಡಿನಲ್ಲಿ ಸ್ತುತಿಯ ಬಗ್ಗೆ ಎಲ್ಲರೂ ಒಂದೇ ಬಗೆಯಲ್ಲಿ ಯೋಚಿಸಲಿಲ್ಲ. ಜೈನರ ಪಾಲಿಗೆ ಜಿನ ವೀತರಾಗ. ಪೂಜಿಸಿದರೆ ಒಲಿಯುವವನಲ್ಲ, ನಿಂದಿಸಿದರೆ ಮುನಿಯುವವನಲ್ಲ. ಆದರೂ ಅವನ ಗುಣಗಳ ನೆನಪು ನೆನೆಯುವವರ ಮನಸ್ಸನ್ನು ತೊಳೆಯುತ್ತದೆ ಎಂಬ ಮಾತು ಸಮಂತಭದ್ರರ ಸ್ವಯಂಭೂಸ್ತೋತ್ರದಲ್ಲಿ ಬರುತ್ತದೆ. ಅಲ್ಲಿ ಸ್ತುತಿಯ ಫಲ ಸ್ತುತಿಸುವವನ ಒಳಗೇ ಹುಟ್ಟುತ್ತದೆ. 12ನೇ ಶತಮಾನದ ಶರಣರು ಲಾಭಕ್ಕಾಗಿ ಮಾಡುವ ಭಕ್ತಿಯನ್ನು ಕಟುವಾಗಿ ಪ್ರಶ್ನಿಸಿದರು. ಬೇಡುವ ಕೈಗಿಂತ ದುಡಿಯುವ ಕೈಗೆ, ದಾಸೋಹಕ್ಕೆ ಹೆಚ್ಚಿನ ಬೆಲೆ ಕೊಟ್ಟರು.

ಮಧ್ವಾಚಾರ್ಯರು (1238–1317) ಬೇರೆ ದಾರಿ ಹಿಡಿದರು. ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಅವರು ಭಕ್ತಿಗೆ ಕೊಟ್ಟ ಲಕ್ಷಣ ಇಡೀ ದಾಸಸಾಹಿತ್ಯಕ್ಕೆ ತಳಪಾಯ. ಅವರ ಪ್ರಕಾರ ಮೊದಲು ಬೇಕಾದದ್ದು ದೇವರ ಮಾಹಾತ್ಮ್ಯದ ಅರಿವು. ಆ ಅರಿವಿನ ಮೇಲೆ ಬೆಳೆದ, ಮಿಕ್ಕೆಲ್ಲ ಪ್ರೀತಿಗಳಿಗಿಂತ ಮಿಗಿಲಾದ, ಅಲುಗಾಡದ ಸ್ನೇಹವೇ ಭಕ್ತಿ. ಇಲ್ಲಿನ ಅನುಕ್ರಮ ಮುಖ್ಯ. ಶಕ್ತಿಯ ಅರಿವಷ್ಟೇ ಇದ್ದು ಸ್ನೇಹ ಇಲ್ಲದಿದ್ದರೆ ಅದು ಭಯ. ಸ್ನೇಹವಷ್ಟೇ ಇದ್ದು ಮಹಿಮೆಯ ಅರಿವಿಲ್ಲದಿದ್ದರೆ ಕಷ್ಟಕಾಲದಲ್ಲಿ ಅದಕ್ಕೆ ಊರುಗೋಲಿಲ್ಲ. ಹಾಗಾಗಿ ಮಹಿಮೆಯನ್ನು ಎಡೆಬಿಡದೆ ಹೇಳಬೇಕು, ಕೇಳಬೇಕು, ಹಾಡಬೇಕು. ಆಚಾರ್ಯರ ದ್ವಾದಶಸ್ತೋತ್ರವನ್ನು ಉಡುಪಿಯ ಕೃಷ್ಣಮಠದಲ್ಲಿ ನೈವೇದ್ಯದ ಹೊತ್ತಿನಲ್ಲಿ ಇಂದಿಗೂ ಹೇಳುತ್ತಾರೆ. ದೇವರಿಗೆ ಊಟ ಬಡಿಸುವಾಗಲೇ ಅವನ ಮಹಿಮೆಯನ್ನೂ ಹಾಡುವ ಈ ಪದ್ಧತಿಯಲ್ಲಿ ಅರಿವೂ ಅಕ್ಕರೆಯೂ ಒಂದೇ ಗಳಿಗೆಗೆ ಕೂಡುತ್ತವೆ.

ಹಂಗಿಲ್ಲದ ಹಕ್ಕು: ಪುರಂದರದಾಸರು

ಶ್ರೀಪಾದರಾಜರು, ವ್ಯಾಸರಾಯರು ಈ ತತ್ತ್ವವನ್ನು ಕನ್ನಡದ ಹಾಡಿಗೆ ತಂದರು. ವ್ಯಾಸರಾಯರ ಶಿಷ್ಯರಾದ ಪುರಂದರದಾಸರು (1484–1564) ಅದನ್ನು ಬೀದಿಬೀದಿಗೆ ಮುಟ್ಟಿಸಿದರು. ದಾಸರಾಗುವ ಮೊದಲು ಅವರು ವ್ಯಾಪಾರಿಯಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ಕೊಡುಕೊಳ್ಳುವಿಕೆಯ ಮಾತು ಅವರ ಹಾಡುಗಳಲ್ಲಿ ಸಹಜವಾಗಿ ಬರುತ್ತದೆ.

ಅವರ ಹೆಸರಿನಲ್ಲಿ ಮನೆಮಾತಾಗಿರುವ ಒಂದು ಕೀರ್ತನೆಯಲ್ಲಿ ದಾಸರು ದೇವರ ಎದುರೇ ನಿಂತು, ನಿನ್ನ ಹಂಗು ನನಗೆ ಯಾಕೆ, ನಿನ್ನ ಹೆಸರಿನ ಬಲವೊಂದೇ ಸಾಕಲ್ಲ ಎಂಬ ಅರ್ಥದ ಮಾತಾಡುತ್ತಾರೆ. ಆಮೇಲೆ ಒಂದೊಂದು ಚರಣದಲ್ಲಿ ಒಬ್ಬೊಬ್ಬರನ್ನು ತಂದು ನಿಲ್ಲಿಸುತ್ತಾರೆ. ಆನೆಯನ್ನು ಕಾದದ್ದು ಆದಿಮೂಲ ಎಂಬ ಹೆಸರು. ಪ್ರಹ್ಲಾದನನ್ನು ಕಾದದ್ದು ನರಹರಿ ಎಂಬ ಹೆಸರು. ದ್ರೌಪದಿಯ ಮಾನ ಉಳಿಸಿದ್ದು ಕೃಷ್ಣ ಎಂಬ ಹೆಸರು. ಅಜಾಮಿಳನಿಗೆ ನಾರಾಯಣ, ಧ್ರುವನಿಗೆ ವಾಸುದೇವ. ಕನ್ನಡದಲ್ಲಿ ಹಂಗು ಎಂದರೆ ಉಪಕಾರದ ಕಹಿ ಮುಖ. ಕೊಟ್ಟವನು ಕೊಟ್ಟದ್ದನ್ನು ಎಣಿಸುತ್ತ ಕೂತರೆ ಪಡೆದವನ ತಲೆ ತಗ್ಗುತ್ತದೆ. ದಾಸರು ಆ ಹಂಗನ್ನು ತಳ್ಳಿಹಾಕುತ್ತಾರೆ, ಉಪಕಾರವನ್ನು ಮಾತ್ರ ಬಿಡುವುದಿಲ್ಲ. ನಾಮ ಎಲ್ಲರ ಸೊತ್ತು. ಅದನ್ನು ಯಾರ ಅಪ್ಪಣೆಯೂ ಇಲ್ಲದೆ ನಾಲಿಗೆಯ ಮೇಲೆ ಇಟ್ಟುಕೊಳ್ಳಬಹುದು. ದೇವರನ್ನು ಬೇಡವೆನ್ನುತ್ತಲೇ ಅವನ ಹೆಸರನ್ನು ಹಿಡಿದುಕೊಳ್ಳುವ ಈ ಜಗಳದಲ್ಲಿ ಎಂಥ ಸಲಿಗೆ ಇದೆ! ಮಧ್ವರು ಹೇಳಿದ ಸ್ನೇಹಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಸಿಗುವುದು ಕಷ್ಟ.

ಗಜೇಂದ್ರನ ಕಥೆ ಇಲ್ಲಿ ಹೇಗೆ ಕಿರಿದಾಗಿದೆ ನೋಡಿ. ಭಾಗವತದಲ್ಲಿ ಅದು ಹೆಸರನ್ನೇ ಹಿಡಿಯದ ಉದ್ದನೆಯ ತತ್ತ್ವಸ್ತೋತ್ರ. ದಕ್ಷಿಣದ ಭಕ್ತಿ ಪರಂಪರೆಯಲ್ಲಿ, ತಮಿಳಿನಲ್ಲೂ ಕನ್ನಡದಲ್ಲೂ, ಅದು ಆದಿಮೂಲ ಎಂಬ ಒಂದೇ ಕೂಗಾಯಿತು. ತತ್ತ್ವವೇನೂ ಕಳೆದುಹೋಗಲಿಲ್ಲ. ಎಲ್ಲಕ್ಕೂ ಮೂಲವಾದದ್ದು ಎಂಬ ಸ್ತೋತ್ರದ ತಿರುಳು ನಾಲ್ಕು ಅಕ್ಷರಗಳಲ್ಲಿ ಅಡಗಿ ಕೂತಿತು. ಶಾಸ್ತ್ರ ಓದದವರಿಗೂ, ಉಸಿರು ಕಟ್ಟಿದವರಿಗೂ ಅಷ್ಟನ್ನು ಹೇಳಲು ಸಾಧ್ಯವಾಯಿತು.

ಕೀರ್ತನೆಯ ಕಟ್ಟಡವೂ ಇದಕ್ಕೆ ಒದಗಿಬಂದಿತು. ಮೊರೆ ಪಲ್ಲವಿಯಲ್ಲಿದ್ದರೆ ಸಾಕ್ಷ್ಯಗಳು ಚರಣಗಳಲ್ಲಿ. ಒಂದೊಂದು ಸಾಕ್ಷ್ಯ ಮುಗಿದ ಕೂಡಲೇ ಹಾಡು ಮೊರೆಗೆ ಮರಳುತ್ತದೆ. ಹೀಗೆ ಮರಳಿದಾಗ ಮೊರೆಯ ಮಾತು ಅದೇ, ಬಲ ಅದೇ ಅಲ್ಲ. ಆನೆ ಬಂದುಹೋದ ಮೇಲೆ ಹಾಡುವ ಪಲ್ಲವಿಗೆ ಆನೆಯ ಬೆಂಬಲ ಇದೆ. ದ್ರೌಪದಿ ಬಂದುಹೋದ ಮೇಲೆ ಅವಳದೂ ಇದೆ.

ಆರನೆಯ ಸಾಲಿನ ಬೇಡಿಕೆ: ಕನಕದಾಸರು

ಕನಕದಾಸರ ಹರಿಭಕ್ತಿಸಾರದಲ್ಲಿ ಇದೇ ತರ್ಕ ಭಾಮಿನಿ ಷಟ್ಪದಿಯ ಅಳತೆಯೊಳಗೆ ಕೂತಿದೆ. ನೂರಕ್ಕೂ ಹೆಚ್ಚಿನ ಪದ್ಯಗಳಿರುವ ಈ ಕೃತಿಯಲ್ಲಿ ಪದ್ಯಗಳು ಕಾಪಾಡೆಂಬ ಒಂದೇ ಬೇಡಿಕೆಯಲ್ಲಿ ಮುಗಿಯುತ್ತವೆ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ 23 ಮಾತ್ರೆ. ಗಿಡ್ಡ ಸಾಲುಗಳಲ್ಲಿ ದೇವರ ಗುಣ, ಅವತಾರ, ಉಪಕಾರಗಳು ಬಿಡುವಿಲ್ಲದೆ ಬರುತ್ತವೆ. ಉದ್ದದ ಕೊನೆಯ ಸಾಲಿನಲ್ಲಿ ಅವೆಲ್ಲ ಒಂದು ಕಡೆ ಸೇರಿ ಬೇಡಿಕೆಗೆ ತಿರುಗುತ್ತವೆ. ಸ್ತುತಿಯಲ್ಲಿ ಶುರುವಾದ ಪದ್ಯ ಪ್ರಾರ್ಥನೆಯಲ್ಲೇ ನೆಲೆ ನಿಲ್ಲುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಅಲ್ಲಿ ಕಾಪಾಡಬೇಕೆಂದು ಕೇಳುವುದು ‘ನನ್ನನ್ನು’ ಅಲ್ಲ, ‘ನಮ್ಮನ್ನು’. ಬಾಡದಲ್ಲಿ ಹುಟ್ಟಿ, ಕಾಗಿನೆಲೆಯ ಆದಿಕೇಶವನ ಅಂಕಿತ ಹಿಡಿದು, ಕುಲದ ಹೆಸರಿನಲ್ಲಿ ಜನರನ್ನು ದೂರ ಇಡುವುದನ್ನು ಜೀವಮಾನವಿಡೀ ಪ್ರಶ್ನಿಸಿದ ಕವಿಯ ಬಾಯಲ್ಲಿ ಈ ಬಹುವಚನಕ್ಕೆ ತೂಕ ಹೆಚ್ಚು. ಉಪಕಾರ ಪಡೆದವರ ಪಟ್ಟಿಯಲ್ಲಿ ಆನೆ ಇದೆ, ಅಸುರನ ಮಗ ಇದ್ದಾನೆ, ದಾರಿ ತಪ್ಪಿದ ಅಜಾಮಿಳನಿದ್ದಾನೆ. ಪ್ರಾಣಿಗೂ ಜಾಗ ಸಿಕ್ಕ ಪಟ್ಟಿಯಲ್ಲಿ ಮನುಷ್ಯರನ್ನು ತಡೆಯುವವರು ಯಾರು? ದೇವರ ಶಕ್ತಿಯ ನೆನಪು ಇಲ್ಲಿ ಸಮಾನತೆಯ ವಾದವೂ ಆಗಿದೆ.

ಉಸಿರಿಗೆ ಇಳಿದ ಮಹಿಮೆ: ಜಗನ್ನಾಥದಾಸರು

18ನೇ ಶತಮಾನದಲ್ಲಿ ರಾಯಚೂರು ಸೀಮೆಯ ದಾಸರ ಕಾಲಕ್ಕೆ ಬಂದರೆ ಉಪಕಾರದ ಅರ್ಥ ಮತ್ತೊಂದು ಮಗ್ಗುಲಿಗೆ ಹೊರಳುತ್ತದೆ. ಮಾನ್ವಿ ಬಳಿಯ ಬ್ಯಾಗವಟ್ಟಿಯಲ್ಲಿ ಹುಟ್ಟಿದ ಜಗನ್ನಾಥದಾಸರು (1728–1809) ಮೊದಲು ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಕಡೆಗಣಿಸಿದ್ದರಿಂದ ಅವರಿಗೆ ಹೊಟ್ಟೆಯ ಬೇನೆ ಬಂತೆಂದೂ, ಕೊನೆಗೆ ವಿಜಯದಾಸರ ಶಿಷ್ಯರಾದ ಗೋಪಾಲದಾಸರು ಗುರುಗಳ ಮಾತಿನಂತೆ ತಮ್ಮ ಆಯುಸ್ಸಿನಲ್ಲೇ 40 ವರ್ಷಗಳನ್ನು ಧಾರೆ ಎರೆದರೆಂದೂ ಸಂಪ್ರದಾಯ ನಂಬುತ್ತದೆ. ಗಜೇಂದ್ರನಿಗಾಗಿ ಗರುಡನೇರಿ ಬಂದ ದೇವರು ಈ ಕಥೆಯಲ್ಲಿ ಒಬ್ಬ ದಾಸರ ಕೈಯಿಂದ ಇನ್ನೊಬ್ಬರನ್ನು ಕಾಯುತ್ತಾನೆ.

ಹೀಗೆ ಉಳಿದ ಜೀವ ಬರೆದದ್ದು ಹರಿಕಥಾಮೃತಸಾರ. ಭಾಮಿನಿಯಲ್ಲೇ ಇರುವ ಈ ಕೃತಿಯಲ್ಲಿ ಆಪತ್ತಿನ ಕಥೆಗಳಿಗಿಂತ ದಿನನಿತ್ಯದ ಬದುಕಿಗೆ ಹೆಚ್ಚು ಜಾಗ. ಒಂದು ಸಂಧಿಯಲ್ಲಿ ಊಟದ ರಸಗಳಲ್ಲಿ ನೆಲೆಸಿದ ಭಗವದ್ರೂಪಗಳ ವಿವರಣೆ. ಶ್ವಾಸಸಂಧಿಯಲ್ಲಿ ಹಗಲಿರುಳು ಸೇರಿ ಮನುಷ್ಯ ಎಳೆದು ಬಿಡುವ 21,600 ಉಸಿರುಗಳು. ಪ್ರತಿ ಉಸಿರಿನಲ್ಲೂ ಒಳಗಿರುವ ದೇವರ ಪ್ರೇರಣೆಯಿಂದ ನಡೆಯುವ ಹಂಸಮಂತ್ರದ ಜಪ. ಮೊಸಳೆ ಹಿಡಿದಾಗ ಮಾತ್ರ ನೆನಪಾಗಬೇಕಾದ ಶಕ್ತಿ ಇದಲ್ಲ. ನಾವು ಮಲಗಿದ್ದಾಗಲೂ ನಮ್ಮನ್ನು ನಡೆಸುತ್ತಿರುವುದು ಅದೇ. ಹೀಗೆ ನೋಡಿದರೆ ಬೇಡುವುದಕ್ಕೆ ಮೊದಲೇ ಉಪಕಾರ ಆಗಿಹೋಗಿದೆ. ಪ್ರಾರ್ಥನೆಗೆ ಉಳಿಯುವುದು ಒಂದೇ ಬೇಡಿಕೆ: ಇದು ಮರೆಯದಿರಲಿ. ದಾಸಸಾಹಿತ್ಯದ ಮುನ್ನೂರು ವರ್ಷಗಳ ನಡಿಗೆಯನ್ನು ನನ್ನ ಓದಿನಲ್ಲಿ ಹೀಗೆ ಸಂಗ್ರಹಿಸಬಹುದು: ಪಾರುಮಾಡು ಎಂದು ಕೇಳುತ್ತಿದ್ದ ಪ್ರಾರ್ಥನೆ ನೆನಪು ಕೊಡು ಎಂದು ಕೇಳುವಷ್ಟು ಮಾಗಿತು.

ಹಾಡಿನ ಹೊರಗೆ, ಬೀದಿಯಲ್ಲಿ

ಈ ನೆನಪನ್ನು ಊರುಗಳು ಹಬ್ಬವಾಗಿಯೂ ಕಾಪಾಡಿಕೊಂಡು ಬಂದಿವೆ. ಮೇಲುಕೋಟೆಯ ವೈರಮುಡಿ ಬ್ರಹ್ಮೋತ್ಸವದಲ್ಲಿ ಪ್ರಹ್ಲಾದಪರಿಪಾಲನ, ಗಜೇಂದ್ರಮೋಕ್ಷ ಎಂಬ ಉತ್ಸವಗಳಿವೆ. ಯಕ್ಷಗಾನಕ್ಕೆ ಗಜೇಂದ್ರಮೋಕ್ಷ ಒಂದು ಪ್ರಸಂಗ. ಬಾಯಿಂದ ಬಾಯಿಗೆ ಬಂದ ದಾಸರ ಪದಗಳು ಅಚ್ಚು ಕಂಡದ್ದೂ ಇಂಥದೇ ಅಕ್ಕರೆಯಿಂದ. ಮಂಗಳೂರಿನ ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳ ಸಂಗ್ರಹವೊಂದನ್ನು ಪ್ರಕಟಿಸಿದನು. ಬೇರೆ ಮತದ ಪ್ರಚಾರಕ್ಕೆ ಬಂದವನಿಗೂ ಈ ಸ್ತುತಿಯ ಬೆಲೆ ತಿಳಿದಿತ್ತು.

ಈಗ ಭಜನೆಯ ಮನೆಗೆ ಮರಳಬಹುದು. ದೇವರಿಗೆ ಮರೆವಿದೆ ಎಂದು ಅಲ್ಲಿ ಯಾರೂ ಹಳೆಯ ಕಥೆ ಹೇಳುತ್ತಿಲ್ಲ. ಮರೆವು ಇರುವುದು ಹಾಡುವವರಿಗೆ. ಆಸ್ಪತ್ರೆಯಲ್ಲಿ ಮಗನನ್ನು ಬಿಟ್ಟು ಬಂದ ತಾಯಿಯೂ, ಮಳೆ ಕಾಯುತ್ತಿರುವ ರೈತನೂ ಆ ಸಾಲಿನಲ್ಲಿ ಕೂತು ಆನೆಯ ಕಥೆ ಹಾಡಿದಾಗ ತಾವೂ ಆ ಪಟ್ಟಿಯ ಮುಂದಿನ ಹೆಸರಾಗುತ್ತಾರೆ. ಭಾಗವತದ ಒಂದು ವಿವರವನ್ನು ಇಲ್ಲಿ ನೆನೆಯಬೇಕು. ಆಕಾಶದಲ್ಲಿ ಹರಿ ಬರುವುದು ಕಂಡಾಗ ಆನೆಯ ಕಾಲು ಇನ್ನೂ ಮೊಸಳೆಯ ಬಾಯಲ್ಲೇ ಇತ್ತು. ಆಗಲೇ ಅದು ಕೊಳದ ತಾವರೆಯೊಂದನ್ನು ಸೊಂಡಿಲಿನಿಂದ ಮೇಲೆತ್ತಿ ಹಿಡಿದು, ಕಷ್ಟಪಟ್ಟು ನಮಸ್ಕಾರ ಎಂದಿತು. ಚಕ್ರ ಇಳಿದದ್ದು ಆಮೇಲೆ.