ಲಂಡನ್ನಿನ ರಂಗಶಾಲೆ, ಹಾಸನದ ಪಾಳೆಯಪಟ್ಟು

ಕ್ರಿ.ಶ. 1601ರ ಫೆಬ್ರುವರಿ 7, ಶನಿವಾರ ಮಧ್ಯಾಹ್ನ. ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲಿದ್ದ ಗ್ಲೋಬ್ ರಂಗಶಾಲೆಯಲ್ಲಿ ಒಂದು ಹಳೆಯ ನಾಟಕದ ಪ್ರಯೋಗ ನಡೆಯಿತು. ನಾಟಕ ಶೇಕ್ಸ್‌ಪಿಯರನ 'ಎರಡನೆಯ ರಿಚರ್ಡ್'. ದುರ್ಬಲನಾದ ರಾಜನೊಬ್ಬನನ್ನು ಅವನ ದಾಯಾದಿ ಪದಚ್ಯುತಗೊಳಿಸಿ ತಾನೇ ಸಿಂಹಾಸನ ಏರುವ ಕಥೆ ಅದು. ಅದಕ್ಕೆ ಮೊದಲೇ ಕೆಲವು ಗಣ್ಯರು ನಟರ ಬಳಿಗೆ ಬಂದು ಇದೇ ನಾಟಕ ಬೇಕೆಂದು ಕೇಳಿದ್ದರು. ನಾಟಕ ಹಳೆಯದು, ಜನ ಬರುವುದಿಲ್ಲ ಎಂದು ನಟರು ಹಿಂಜರಿದಾಗ ಸಾಮಾನ್ಯ ಸಂಪಾದನೆಯ ಮೇಲೆ 40 ಷಿಲ್ಲಿಂಗ್ ಹೆಚ್ಚಾಗಿ ಕೊಡುವುದಾಗಿ ಒಪ್ಪಿಸಿದರು.

ಹಾಗೆ ಕೇಳಿದವರು ಎಸೆಕ್ಸ್‌ನ ಅರ್ಲ್ ರಾಬರ್ಟ್ ಡೆವೆರೊನ ಬೆಂಬಲಿಗರು. ಒಂದು ಕಾಲಕ್ಕೆ ರಾಣಿ ಎಲಿಜಬೆತ್‌ಳ ಕೃಪಾಕಟಾಕ್ಷಕ್ಕೆ ಪಾತ್ರನಾಗಿದ್ದ ಈ ಎಸೆಕ್ಸ್, 1599ರ ಐರ್ಲೆಂಡ್ ದಂಡಯಾತ್ರೆಯಲ್ಲಿ ವಿಫಲನಾಗಿ, ಅಪ್ಪಣೆಯಿಲ್ಲದೆ ಹಿಂತಿರುಗಿ, ಅಧಿಕಾರ ಮತ್ತು ಆದಾಯ ಎರಡನ್ನೂ ಕಳೆದುಕೊಂಡಿದ್ದ. ನಾಟಕದ ಮರುದಿನ ಭಾನುವಾರ ಸುಮಾರು 300 ಜನರೊಡನೆ ಲಂಡನ್ ನಗರದೊಳಗೆ ನುಗ್ಗಿದ. ನಾಗರಿಕರು ತನ್ನ ಜೊತೆ ಸೇರುತ್ತಾರೆಂದು ನಂಬಿದ್ದ. ಯಾರೂ ಸೇರಲಿಲ್ಲ. ಅಂದೇ ರಾತ್ರಿ ಶರಣಾದ. ಫೆಬ್ರುವರಿ 25ರಂದು ಅವನ ಶಿರಚ್ಛೇದವಾಯಿತು.

ನಟರ ಗತಿ? ತಂಡದ ಪರವಾಗಿ ಆಗಸ್ಟಿನ್ ಫಿಲಿಪ್ಸ್ ಎಂಬ ನಟ ಅಧಿಕಾರಿಗಳ ಮುಂದೆ ಹೇಳಿಕೆ ಕೊಟ್ಟ. ಹಣಕ್ಕಾಗಿ ಆಡಿದೆವು ಎಂಬ ಮಾತನ್ನು ಸರ್ಕಾರ ಒಪ್ಪಿತು. ವಿಚಿತ್ರವೆಂದರೆ, ಎಸೆಕ್ಸ್‌ನ ತಲೆ ಉರುಳುವ ಹಿಂದಿನ ರಾತ್ರಿ ಇದೇ ತಂಡ ಅರಮನೆಯಲ್ಲಿ ರಾಣಿಯ ಮುಂದೆ ನಾಟಕವಾಡಿತು!

ಸತ್ತ ರಾಜ, ಬದುಕಿದ ಭಯ

ಎರಡನೆಯ ರಿಚರ್ಡ್ ಸತ್ತು ಆಗಲೇ 200 ವರ್ಷಗಳಾಗಿದ್ದವು. ಆದರೂ ಅವನ ಕಥೆಗೆ ಅಧಿಕಾರ ಅಂಜುತ್ತಿತ್ತು. 1597ರಲ್ಲಿ ಈ ನಾಟಕ ಅಚ್ಚಾದಾಗ ರಾಜ ಕಿರೀಟ ಬಿಟ್ಟುಕೊಡುವ ದೃಶ್ಯ ಪುಸ್ತಕದಲ್ಲಿರಲಿಲ್ಲ. ಅದು ಮುದ್ರಣ ಕಂಡದ್ದು 1608ರಲ್ಲಿ, ರಾಣಿ ತೀರಿಕೊಂಡ ಮೇಲೆ. ಅದೇ ಕಾಲದ ಇತಿಹಾಸವನ್ನು ಬರೆದು ಎಸೆಕ್ಸ್‌ಗೆ ಅರ್ಪಿಸಿದ ಜಾನ್ ಹೇವರ್ಡ್ ಸೆರೆಮನೆ ಸೇರಬೇಕಾಯಿತು. ಹಳೆಯ ರಾಜನ ಕಥೆಯನ್ನು ಜನ ಹಳೆಯ ಕಥೆಯಾಗಿ ಕೇಳುವುದಿಲ್ಲ, ಇಂದಿನ ಸಿಂಹಾಸನದ ಕಥೆಯಾಗಿ ಕೇಳುತ್ತಾರೆ ಎಂಬುದು ಆಳುವವರಿಗೆ ಗೊತ್ತಿತ್ತು. ಬ್ರಿಟಿಷರು ಈ ಪಾಠವನ್ನು ಭಾರತಕ್ಕೂ ತಂದರು. ಅವರು 1876ರಲ್ಲಿ ಮಾಡಿದ ನಾಟಕ ಪ್ರದರ್ಶನ ಕಾಯ್ದೆ ರದ್ದಾದದ್ದು 2018ರಲ್ಲಿ.

ಅದೇ ವರ್ಷಗಳಲ್ಲಿ ಹಾಸನ ಸೀಮೆ

ಲಂಡನ್ನಿನಲ್ಲಿ ಈ ಪ್ರಸಂಗ ನಡೆದಾಗ ಇಂದಿನ ಹಾಸನ ಜಿಲ್ಲೆ ಹೇಗಿತ್ತು? 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಇಲ್ಲಿಯ ನಾಯಕರು, ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಸ್ವತಂತ್ರರಾಗುತ್ತಿದ್ದರು. ಸುಮಾರು 1568ರಲ್ಲಿ ಐಗೂರು ಮನೆತನದ ಕೃಷ್ಣಪ್ಪ ನಾಯಕ ಅರಕಲಗೂಡನ್ನು ಕಟ್ಟಿಸಿದ. ಸುಮಾರು 1600ರಲ್ಲಿ, ಅಂದರೆ ಎಸೆಕ್ಸ್ ದಂಗೆಯ ಹಿಂದುಮುಂದಿನಲ್ಲೇ, ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಕೊಳತೂರು ಎಂಬ ಊರನ್ನು ಗೆದ್ದು, ಚನ್ನರಾಯಸ್ವಾಮಿಯ ಹೆಸರು ಹೊತ್ತ ತನ್ನ ಮಗನಿಗೆ ಕೊಟ್ಟ. ಅದೇ ಚನ್ನರಾಯಪಟ್ಟಣ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಆ ಶತಮಾನ ಮುಗಿಯುವುದರೊಳಗೆ ಹೊಳೆನರಸೀಪುರ, ಅರಕಲಗೂಡು ಎರಡೂ ಮೈಸೂರಿನ ಕೈ ಸೇರಿದವು.

ಯಾರು ರಾಜ, ಯಾರು ದ್ರೋಹಿ, ಸೋತ ಸಾಮಂತನ ನ್ಯಾಯವೇನು ಎಂಬ ಶೇಕ್ಸ್‌ಪಿಯರನ ಪ್ರಶ್ನೆಗಳು ಈ ಕೋಟೆಗಳಲ್ಲೂ ದಿನನಿತ್ಯದ ಪ್ರಶ್ನೆಗಳೇ ಆಗಿದ್ದವು. ವ್ಯತ್ಯಾಸ ಇಷ್ಟೆ: ಲಂಡನ್ನಿನಲ್ಲಿ ಟಿಕೆಟ್ಟಿನ ರಂಗಶಾಲೆಯಿತ್ತು, ಅಚ್ಚುಕೂಟವಿತ್ತು. ದಾಯಾದಿಗಳ ರಾಜ್ಯಕಲಹವನ್ನು ಇಲ್ಲಿಯ ಜನ ಕೇಳುತ್ತಿದ್ದುದು ಮಹಾಭಾರತದ ಕಥೆಯಲ್ಲಿ.

ಮೂರು ಶತಮಾನಗಳ ನಂತರ ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದಾಗ ಅವನಿಗೆ ನಮ್ಮ ಉಡುಪನ್ನೇ ತೊಡಿಸಲಾಯಿತು. ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ 'ಒಥೆಲೊ' 'ಶೂರಸೇನ ಚರಿತ್ರೆ'ಯಾಯಿತು. 'ಮ್ಯಾಕ್‌ಬೆತ್' ನಾಟಕವನ್ನು ಶ್ರೀಕಂಠೇಶಗೌಡರು 'ಪ್ರತಾಪರುದ್ರದೇವ'ನನ್ನಾಗಿಸಿದರು. ಕುವೆಂಪು ಅವರು 'ರಕ್ತಾಕ್ಷಿ'ಯಲ್ಲಿ ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿನ ಅರಮನೆಗೆ ತಂದರು. ಡೆನ್ಮಾರ್ಕಿನ ಸಂಕಟ ಮಲೆನಾಡಿನ ನಾಯಕರ ಮನೆಯಲ್ಲಿ ಅಸಹಜವಾಗಿ ಕಾಣಲೇ ಇಲ್ಲ.

ಕಿವಿಯ ರಂಗಭೂಮಿ

ಎಲಿಜಬೆತ್ ಕಾಲದವರು ನಾಟಕ 'ಕೇಳಲು' ಹೋಗುತ್ತೇವೆ ಎನ್ನುತ್ತಿದ್ದರು. ಹಗಲು ಬೆಳಕಿನಲ್ಲಿ, ಪರದೆಗಳಿಲ್ಲದ ಬರಿಯ ರಂಗದ ಮೇಲೆ, ರಾತ್ರಿಯನ್ನೂ ಕಾಡನ್ನೂ ರಣರಂಗವನ್ನೂ ಮಾತೇ ಕಟ್ಟಬೇಕಿತ್ತು. ಗಮಕಿಯೊಬ್ಬ ಕುಮಾರವ್ಯಾಸನನ್ನು ವಾಚಿಸುವಾಗ, ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿ ಕೌರವನಾಗುವಾಗ ನಡೆಯುವುದೂ ಇದೇ. ಹೀಗಾಗಿ ರೇಡಿಯೋ ಬಂದಾಗ ಶೇಕ್ಸ್‌ಪಿಯರ್ ಅಲ್ಲಿ ಸುಲಭವಾಗಿ ನೆಲೆ ಕಂಡ. 1922ರಲ್ಲಿ ಹುಟ್ಟಿದ ಬಿಬಿಸಿ 1923ರಲ್ಲೇ ಅವನ ನಾಟಕದ ದೃಶ್ಯಗಳನ್ನು ಬಿತ್ತರಿಸಿತು. ನಮ್ಮಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದರು.

ರೇಡಿಯೋ ನಾಟಕಕ್ಕೆ ಇನ್ನೊಂದು ಶಕ್ತಿಯಿದೆ. ರಂಗದ ಮೇಲೆ ಶತಮಾನ ಬದಲಾಗಬೇಕಾದರೆ ಅರಮನೆ, ಉಡುಪು, ಬೆಳಕು ಎಲ್ಲವೂ ಬದಲಾಗಬೇಕು. ಕಿವಿಗೆ ಒಂದು ಕುದುರೆಯ ಗೊರಸಿನ ಸದ್ದು, ಒಂದು ಹೊಸ ದನಿ ಸಾಕು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆಗಳು ಧ್ವನಿನಾಟಕಕ್ಕೆ ಒಗ್ಗುವುದು ಈ ಕಾರಣಕ್ಕೆ.

ಕನ್ನಡಿಗರೊಬ್ಬರು ಈ ಶಕ್ತಿಯನ್ನು ಬಳಸಿದ ಬಗೆ ಗಮನಾರ್ಹ. ಭಾರತದ ಸ್ವಾತಂತ್ರ್ಯದ 50ನೆಯ ವರ್ಷದ ನೆನಪಿಗೆ, 1997ರಲ್ಲಿ, ಬಿಬಿಸಿಯ ಕೋರಿಕೆಯ ಮೇಲೆ ಗಿರೀಶ ಕಾರ್ನಾಡರು ಟಿಪ್ಪು ಸುಲ್ತಾನನ ಬಗ್ಗೆ ರೇಡಿಯೋ ನಾಟಕ ಬರೆದರು. ಟಿಪ್ಪು ತನ್ನ ಕನಸುಗಳನ್ನು ಸ್ವಹಸ್ತದಿಂದ ಬರೆದಿಟ್ಟ ಪುಸ್ತಕ ಅವನ ಅರಮನೆಯಲ್ಲಿ ಸಿಕ್ಕಿತ್ತು. ನಾಟಕದ ಬೀಜ ಅದೇ. ಟಿಪ್ಪು ಸತ್ತ ಮೇಲೆ ಇತಿಹಾಸಕಾರ ಕಿರ್ಮಾನಿ ಮತ್ತು ಬ್ರಿಟಿಷ್ ಅಧಿಕಾರಿ ಮೆಕೆಂಜಿ ಹಿಂದಿನದನ್ನು ನೆನೆಯುತ್ತಾರೆ. ಅವರ ಮಾತಿನಿಂದ ಕೇಳುಗ ಸುಲ್ತಾನನ ದರ್ಬಾರಿಗೂ, ಅಲ್ಲಿಂದ ಅವನ ಕನಸಿನೊಳಕ್ಕೂ ಹೋಗುತ್ತಾನೆ. ಗೆದ್ದವರು ಬರೆದ ಇತಿಹಾಸದ ನಡುವೆ ಸೋತವನ ಒಳದನಿ ಕೇಳಿಸುತ್ತದೆ.

ಬಲಂ ಸೀಮೆಯ ಎಸೆಕ್ಸ್

1799ರ ಮೇ 4ರಂದು ಟಿಪ್ಪು ಮಡಿದ. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅರಕಲಗೂಡನ್ನು ಕಟ್ಟಿದ ಅದೇ ಐಗೂರು ಮನೆತನದ ವೆಂಕಟಾದ್ರಿ ನಾಯಕ, ಸಕಲೇಶಪುರದ ಸುತ್ತಣ ಬಲಂ ಸೀಮೆಯಲ್ಲಿ ಸ್ವತಂತ್ರನಾಗಲು ಹೊರಟ. ದಟ್ಟ ಕಾಡೇ ಅವನ ಕೋಟೆ. 1802ರ ಜನವರಿಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ದಂಡೆತ್ತಿ ಬಂದು ಅವನ ನೆಲೆಯನ್ನು ಹಿಡಿದ. ಫೆಬ್ರುವರಿಯಲ್ಲಿ ನಾಯಕ ಸೆರೆಸಿಕ್ಕಿದ, ಅವನನ್ನು ಗಲ್ಲಿಗೇರಿಸಲಾಯಿತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇದೇ ವೆಲ್ಲೆಸ್ಲಿ.

ಇಬ್ಬರು ಬಂಡುಕೋರರೂ ಫೆಬ್ರುವರಿ ತಿಂಗಳಲ್ಲೇ ಅಂತ್ಯ ಕಂಡರು. ಆದರೆ ಎಸೆಕ್ಸ್‌ನ ವಿಚಾರಣೆಯ ವಿವರ, ಅವನ ಪತ್ರಗಳು, ಅವನ ಕಡೆಯವರು ಆಡಿಸಿದ ನಾಟಕದ ಸಂಗತಿ ಎಲ್ಲವೂ ಉಳಿದಿವೆ. ಬಲಂ ದಂಡಯಾತ್ರೆಯ ವಿವರಕ್ಕೆ ಹೆಚ್ಚಾಗಿ ನೋಡಬೇಕಾದದ್ದು ಅವನನ್ನು ಸೋಲಿಸಿದ ವೆಲ್ಲೆಸ್ಲಿಯ ಪತ್ರಗಳನ್ನೇ. ಅವುಗಳಲ್ಲಿ ಕಾಡು ಕಡಿದ ಲೆಕ್ಕವಿದೆ, ದಾರಿ ಮಾಡಿದ ಲೆಕ್ಕವಿದೆ. ನಾಯಕ ಏಕೆ ಎದುರು ನಿಂತ ಎಂಬುದಕ್ಕೆ ಅವನದೇ ಮಾತಿಲ್ಲ.

ಈ ಬಿಡುವನ್ನು ತುಂಬುವ ಕೆಲಸದಲ್ಲಿ ನಾಟಕಕ್ಕೆ ಒಂದು ಹಕ್ಕಿದೆ, ಒಂದು ಹೊಣೆಯೂ ಇದೆ. ಶೇಕ್ಸ್‌ಪಿಯರನ ರಿಚರ್ಡ್ ಇತಿಹಾಸದ ರಿಚರ್ಡ್ ಅಲ್ಲ, ಕಾರ್ನಾಡರ ಟಿಪ್ಪುವೂ ದಾಖಲೆಯ ಟಿಪ್ಪು ಅಲ್ಲ. ಪಾಳೆಯಗಾರರೆಲ್ಲ ಪ್ರಜೆಗಳ ಪಾಲಿಗೆ ದಯಾಳುಗಳಾಗಿದ್ದರೆಂದು ನಂಬಿಸುವ ನಾಟಕ, ಅವರೆಲ್ಲ ಬರಿಯ ದರೋಡೆಕೋರರೆಂದು ಬರೆದ ಕಂಪನಿಯ ಅಧಿಕಾರಿಯಷ್ಟೇ ತಪ್ಪು ಮಾಡುತ್ತದೆ. ಸೋತವನಿಗೂ ಒಂದು ವಾದವಿತ್ತು ಎಂದು ಕೇಳಿಸುವುದೇ ಒಳ್ಳೆಯ ಚಾರಿತ್ರಿಕ ನಾಟಕದ ಕೆಲಸ. ಅದು ನ್ಯಾಯವೋ ಅಲ್ಲವೋ ಎಂಬ ತೀರ್ಪು ಕೇಳುಗನದು. 1601ರಲ್ಲಿ ಲಂಡನ್ನಿನ ಜನ ನಾಟಕ ಕೇಳಿದರು, ದಂಗೆಗೆ ಮಾತ್ರ ಸೇರಲಿಲ್ಲ. ಎಸೆಕ್ಸ್ ಮರೆತದ್ದೂ, ನಾಟಕಕ್ಕೆ ಹೆದರುವ ಅಧಿಕಾರ ಮರೆಯುವುದೂ ಇದನ್ನೇ.