ಪುರುಷರ ಲೈಂಗಿಕ ಆರೋಗ್ಯ: ಕನ್ನಡ ನಾಡಿನಲ್ಲಿ ಅದರ ಇತಿಹಾಸ

ನಿಮಿರುವಿಕೆ, ಸಂತಾನಶಕ್ತಿ, ಜನನಾಂಗದ ಸೋಂಕು, ಸಂತಾನ ನಿಯಂತ್ರಣ, ಇವುಗಳ ಸುತ್ತ ಬೆಳೆದ ಭಯ – ಇಷ್ಟೂ ಪುರುಷರ ಲೈಂಗಿಕ ಆರೋಗ್ಯದ ವ್ಯಾಪ್ತಿಗೆ ಸೇರುತ್ತವೆ. ಕನ್ನಡದ ಗೋಡೆಬರಹಗಳಲ್ಲಿ ಇಂಥ ಕಾಯಿಲೆಗಳಿಗೆ ‘ಗುಪ್ತರೋಗ’ ಎಂದು ಹೆಸರು. ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡದಲ್ಲಿ ಕನ್ನಡದ ಜೊತೆಗೇ ಬಳಕೆಯಲ್ಲಿರುವ ತೆಲುಗು, ಲೈಂಗಿಕ ಸೋಂಕನ್ನು ‘ಸುಖವ್ಯಾಧಿ’ ಎನ್ನುತ್ತದೆ. ಮೊದಲ ಹೆಸರು ಕಾಯಿಲೆಯನ್ನು ಬಚ್ಚಿಡಲು ಹೇಳಿದರೆ ಎರಡನೆಯದು ರೋಗಿಯ ಮೇಲೆ ತಪ್ಪು ಹೊರಿಸುತ್ತದೆ. ಗಂಡಸರು ವೈದ್ಯರ ಬಳಿ ತಡವಾಗಿ ಬರುವುದಕ್ಕೆ ಈ ನಾಚಿಕೆ ದೊಡ್ಡ ಕಾರಣ.

ಹಿಂದಿನ ಕನ್ನಡ ಕವಿಗಳಿಗೆ ಈ ಅಳುಕು ಇರಲಿಲ್ಲ. 11ನೇ ಶತಮಾನದಲ್ಲಿ ಚಂದ್ರರಾಜ ‘ಮದನತಿಲಕ’ವನ್ನೂ 15ನೇ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ವನ್ನೂ ಬರೆದು ಕಾಮಶಾಸ್ತ್ರವನ್ನು ಕನ್ನಡಕ್ಕೆ ತಂದರು. ಪೋರ್ಚುಗೀಸರ ಕಾಲದಲ್ಲಿ ಸಿಫಿಲಿಸ್ ಹಬ್ಬಿದಾಗ ಜನ ಅದನ್ನು ‘ಪರಂಗಿ ಹುಣ್ಣು’ ಎಂದರು. 16ನೇ ಶತಮಾನದ ‘ಭಾವಪ್ರಕಾಶ’ ಅದನ್ನೇ ಫಿರಂಗರೋಗವೆಂದು ವಿವರಿಸಿ ಪಾದರಸದ ಮದ್ದು ಸೂಚಿಸಿತು. ಇಂದಿಗೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಪರಂಗಿಚಕ್ಕೆ ಆ ಕಾಯಿಲೆಗೆ ಕೊಡುತ್ತಿದ್ದ ಬೇರು.

ಬ್ರಿಟಿಷರ ಕಾಲದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ‘ಲಾಕ್ ಆಸ್ಪತ್ರೆ’ ಇತ್ತು. ಇಂಥ ಆಸ್ಪತ್ರೆಗಳಲ್ಲಿ ಹೆಂಗಸರನ್ನು ಬಲವಂತವಾಗಿ ಪರೀಕ್ಷಿಸಿ, ಸೋಂಕು ಕಂಡರೆ ಕೂಡಿಹಾಕುತ್ತಿದ್ದರು. ಅವರ ಬಳಿ ಹೋಗುತ್ತಿದ್ದ ಸೋಲ್ಜರುಗಳಿಗೆ ಅಂಥ ಕಟ್ಟು ಇರಲಿಲ್ಲ. ಈ ಪದ್ಧತಿಗೆ ಬಲ ಕೊಟ್ಟ 1868ರ ಕಾಯಿದೆ 1888ರಲ್ಲಿ ರದ್ದಾಯಿತಾದರೂ ಹೊರೆಯನ್ನು ಹೆಂಗಸರ ಮೇಲೆ ಹಾಕುವ ರೂಢಿ ಉಳಿಯಿತು.

ಹದಿಹರೆಯದ ಹುಡುಗರನ್ನು ಕಾಡುತ್ತಾ ಬಂದಿದ್ದು ಧಾತುನಷ್ಟದ ಭಯ. ನಲವತ್ತು ತೊಟ್ಟು ರಕ್ತ ಸೇರಿ ಒಂದು ತೊಟ್ಟು ವೀರ್ಯವಾಗುತ್ತದೆ ಎಂಬ ನಂಬಿಕೆ ಇದರ ಬೇರು. ಸ್ವಪ್ನಸ್ಖಲನವಾದ ಬೆಳಿಗ್ಗೆ ಕಾಲು ಸೋತಂತೆ, ಎದೆ ಡವಗುಟ್ಟಿದಂತೆ ಅನ್ನಿಸಿದರೆ ಹುಡುಗ ‘ಶಕ್ತಿ ಹೋಯ್ತು’ ಎಂದು ಹೆದರುತ್ತಾನೆ. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯದ ಬಹುಪಾಲು ಪ್ರಾಸ್ಟೇಟ್ ಮತ್ತು ವೀರ್ಯಕೋಶಗಳು ಸ್ರವಿಸುವ ದ್ರವ. ಅದು ಹೋದರೆ ದೇಹ ಸೊರಗುವುದಿಲ್ಲ. ಆದರೂ ಬಸ್ ನಿಲ್ದಾಣದ ಶೌಚಾಲಯದಲ್ಲಿ ಅಂಟಿಸಿದ ಚೀಟಿಗಳೂ ಲಾಡ್ಜಿನ ಕೋಣೆಯಲ್ಲಿ ಬಂದು ಕೂರುವ ‘ಡಾಕ್ಟರು’ಗಳೂ ಈ ಭಯವನ್ನೇ ಬಂಡವಾಳ ಮಾಡಿಕೊಂಡರು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂಬ ಔಷಧಿ ಜಾಹೀರಾತನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ಇಂಥ ವಿಷಯಗಳನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದವರಲ್ಲಿ ‘ದಾಂಪತ್ಯ ದೀಪಿಕೆ’ಯ ಲೇಖಕಿ, ವೈದ್ಯೆ ಅನುಪಮಾ ನಿರಂಜನ ಮತ್ತು ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಸಿ. ಆರ್. ಚಂದ್ರಶೇಖರ್ ಮುಖ್ಯರು.

ಸಂತಾನ ನಿಯಂತ್ರಣಕ್ಕೆಂದು 1968ರಲ್ಲಿ ‘ನಿರೋಧ್’ ಕಾಂಡೋಮ್ ಮಾರಾಟಕ್ಕೆ ಬಂತು: ಮೂರಕ್ಕೆ 15 ಪೈಸೆ. ಟೀ ಪುಡಿ, ಸೋಪು ಹಂಚುವ ಕಂಪನಿಗಳೇ ಅದನ್ನು ಅಂಗಡಿಗಳಿಗೆ ಮುಟ್ಟಿಸಿದವು. ‘ಗಂಡಸರ ಆಪರೇಷನ್’ ಎನಿಸಿದ ವ್ಯಾಸೆಕ್ಟಮಿಯ ಮೇಲಿನ ವಿಶ್ವಾಸವನ್ನು ತುರ್ತುಪರಿಸ್ಥಿತಿಯ ಬಲವಂತ ಮುರಿದುಹಾಕಿತು. ಚೀನಾದಲ್ಲಿ 1974ರಲ್ಲಿ ರೂಪುಗೊಂಡು 1990ರ ದಶಕದಲ್ಲಿ ಭಾರತಕ್ಕೆ ಬಂದ ವಿಧಾನದಲ್ಲಿ ಚಾಕು ಬೇಡ, ಹೊಲಿಗೆ ಬೇಡ. ಅದೇ ದಿನ ಮನೆಗೆ ಹೋಗಬಹುದು. ನಂತರ ಮೂರು ತಿಂಗಳು ಕಾಂಡೋಮ್ ಬಳಸಿ ವೀರ್ಯಪರೀಕ್ಷೆ ಮಾಡಿಸಬೇಕು. ವೃಷಣದ ಹಾರ್ಮೋನಿಗೆ ಧಕ್ಕೆಯಾಗದ್ದರಿಂದ ಹೊಲದ ಕೆಲಸಕ್ಕೆ ಬಲ ಸಾಲದೆಂಬ ಭಯಕ್ಕೆ ಆಧಾರವಿಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ದಂಪತಿಗಳಲ್ಲಿ ಹೆಂಡತಿಗೆ ಆಪರೇಷನ್ ಆದವರು ಶೇ. 37.9, ಗಂಡನಿಗೆ ಆದವರು ಶೇ. 0.3.

ಲೈಂಗಿಕ ಆರೋಗ್ಯದ ಸುತ್ತಲಿನ ಮೌನವನ್ನು ಎಚ್‌ಐವಿ ಸ್ವಲ್ಪ ಮುರಿಯಿತು. ಶಿರಾ ಮೂಲಕ ಹಾಯುವ ಬೆಂಗಳೂರು–ಪುಣೆ ಮಾರ್ಗದಂಥ ಹೆದ್ದಾರಿಗಳಲ್ಲಿ ಓಡಾಡುವ ಲಾರಿ ಚಾಲಕರನ್ನು ದೇಶದ ಏಡ್ಸ್ ನಿಯಂತ್ರಣ ಕಾರ್ಯಕ್ರಮ ವಿಶೇಷವಾಗಿ ತಲುಪಬೇಕಾಯಿತು. 2004ರಲ್ಲಿ ಎಚ್‌ಐವಿಗೆ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲೈಂಗಿಕ ಸೋಂಕಿಗೆ ಬಣ್ಣದ ಪೊಟ್ಟಣಗಳು ಬಂದವು: ಮೂತ್ರದ್ವಾರದಲ್ಲಿ ಕೀವು ಕಂಡರೆ ಬೂದು, ಹರ್ಪಿಸ್ ಹುಣ್ಣಿಗೆ ಕೆಂಪು, ತೊಡೆಸಂದಿನ ಗಡ್ಡೆಗೆ ಕಪ್ಪು. ಸಂಗಾತಿಗೂ ಜೊತೆಯಲ್ಲೇ ಚಿಕಿತ್ಸೆ ಆಗಬೇಕು. ಇಲ್ಲವಾದರೆ ಸೋಂಕು ಮರಳಬಹುದು.

ನಿಮಿರು ದೌರ್ಬಲ್ಯವನ್ನು ಇಂದಿನ ವೈದ್ಯರು ರಕ್ತನಾಳಗಳ ಕಾಯಿಲೆಯ ಮುನ್ಸೂಚನೆಯಾಗಿಯೂ ನೋಡುತ್ತಾರೆ. ಹಾಗಾಗಿ ಈ ತೊಂದರೆ ಹೇಳಿಕೊಂಡು ಬಂದವನ ಸಕ್ಕರೆ, ಬಿ.ಪಿ. ಮೊದಲು ಪರೀಕ್ಷಿಸಿ, ಎದೆನೋವು ಉಂಟೇ ಎಂದು ಕೇಳಿ, ಬೀಡಿ ಬಿಡಲು ಹೇಳುತ್ತಾರೆ. ಮಾತ್ರೆಯ ಮಾತು ಆಮೇಲೆ.